ಕೋಲ್ಟ್ ತಗೊಳ್ಳೋದಾ, ಸ್ಪ್ರಿಂಗ್‌ಫೀಲ್ಡಾ? ಹ್ಯೂಸ್ಟನ್ ಭಾವನ 1911

ಪ್ರಶ್ನೆ: ನನ್ನ ತಂಗಿಯ ಗಂಡ ಅಮೆರಿಕದ ಹ್ಯೂಸ್ಟನ್‌ನಲ್ಲಿದ್ದಾರೆ. ಅಲ್ಲಿನ ಪೌರತ್ವ ಸಿಕ್ಕಿ ನಾಲ್ಕು ವರ್ಷ ಆಯಿತು. ಭಾನುವಾರ ಶೂಟಿಂಗ್ ರೇಂಜಿಗೆ ಹೋಗುವ ಹವ್ಯಾಸ. ಈಗ 1911 ಪಿಸ್ತೂಲು ಕೊಳ್ಳಲೇಬೇಕೆಂದು ಕೂತಿದ್ದಾರೆ. ಬಜೆಟ್ ಸಾವಿರ ಡಾಲರ್. ಕೋಲ್ಟ್, ಸ್ಪ್ರಿಂಗ್‌ಫೀಲ್ಡ್, ಕಿಂಬರ್, ರಾಕ್ ಐಲ್ಯಾಂಡ್ ಅಂತ ದಿನಕ್ಕೊಂದು ಫೋಟೋ ವಾಟ್ಸಾಪಿನಲ್ಲಿ ಕಳಿಸಿ "ಯಾವುದು ಆಗಬಹುದು ಭಾವ?" ಎಂದು ಕೇಳುತ್ತಾರೆ. ನನಗೆ ಗೊತ್ತಿರುವುದು ನಮ್ಮ ತೋಟದ ಕೋವಿ ಮಾತ್ರ. ಯಾವ ಬ್ರ್ಯಾಂಡ್ ಒಳ್ಳೆಯದು? ಡಿಸೆಂಬರಿನಲ್ಲಿ ನಾನೂ ಅಲ್ಲಿಗೆ ಹೋಗುತ್ತಿದ್ದೇನೆ. ಮುಂದೆ ಅವರು ಊರಿಗೆ ವಾಪಸು ಬರುವಾಗ ಅದನ್ನು ತರಬಹುದಾ?
– ಬ್ರಹ್ಮಾವರದ ಓದುಗರು

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಅದರ ಉತ್ತರ ಚಿಕ್ಕದು. ತರುವ ಹಾಗಿಲ್ಲ.

1911ರ ಮೂಲ ತೋಟೆ .45 ಎಸಿಪಿ. ಆ ತೋಟೆ ಹಾಕಬಹುದಾದ ಪಿಸ್ತೂಲು ನಮ್ಮ ಶಸ್ತ್ರಾಸ್ತ್ರ ನಿಯಮಗಳಲ್ಲಿ ನಿಷೇಧಿತ ಬೋರ್ (ನಳಿಗೆಯ ಒಳಅಳತೆ) ಪಟ್ಟಿಗೆ ಸೇರಿದೆ. ಸೇನೆಯವರು ಬಳಸುವ 9 ಎಂಎಂ ಕೂಡ ಅದೇ ಪಟ್ಟಿಯಲ್ಲಿದೆ. ನಿಮ್ಮ ತೋಟದ ಕೋವಿಗೆ ಮಣಿಪಾಲದ ಡಿಸಿ ಆಫೀಸಿನಲ್ಲಿ ಲೈಸೆನ್ಸ್ ಆದ ಹಾಗೆ ಇದಕ್ಕೆ ಆಗುವುದಿಲ್ಲ. ಇಂಥವುಗಳ ಅಧಿಕಾರ ದೆಹಲಿಯ ಗೃಹ ಸಚಿವಾಲಯದ ಕೈಯಲ್ಲಿದೆ, ಹವ್ಯಾಸಕ್ಕೆ ಬೇಕು ಎಂದರೆ ಅಲ್ಲಿ ಯಾರೂ ಕೇಳುವುದಿಲ್ಲ. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ, 2019ರ ತಿದ್ದುಪಡಿಯ ಮೇಲೆ, ಕನಿಷ್ಠ 7 ವರ್ಷ, ಜಾಸ್ತಿ ಎಂದರೆ 14 ವರ್ಷ ಜೈಲು. ಪಿಸ್ತೂಲಿನ ಮಾತು ಬಿಡಿ. ರೇಂಜಿಗೆ ಒಯ್ದ ಬ್ಯಾಗಿನ ಮೂಲೆಯಲ್ಲಿ ಒಂದೇ ಒಂದು ತೋಟೆ ಮರೆತು ಉಳಿದು ಅದು ಬಜಪೆ ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕಂಡರೂ ಸಾಕು, ಊರಿನ ರಜೆ ಠಾಣೆ, ಕೋರ್ಟು ಅಂತ ಅಲೆಯುವುದರಲ್ಲೇ ಮುಗಿಯುತ್ತದೆ. ರೇಂಜಿನ ಬ್ಯಾಗೇ ಬೇರೆ, ವಿಮಾನಕ್ಕೆ ಒಯ್ಯುವ ಬ್ಯಾಗೇ ಬೇರೆ ಇರಲಿ ಎಂದು ಭಾವನಿಗೆ ಹೇಳಿ. ನಾನು ಅಲ್ಲಿದ್ದಷ್ಟು ದಿನ ಹಾಗೇ ಮಾಡುತ್ತಿದ್ದೆ.

ಇನ್ನೊಂದು, ನೀವು ಕೇಳದ ವಿಷಯ. ನೀವು ಟೂರಿಸ್ಟ್ ವೀಸಾದಲ್ಲಿ ಹೋಗುವವರು ಅಲ್ವಾ? ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಅಂಥ ವೀಸಾದವರು ಪಿಸ್ತೂಲು ಕೊಳ್ಳುವುದಷ್ಟೇ ಅಲ್ಲ, ಕೈಯಲ್ಲಿ ಹಿಡಿಯುವುದೂ ತಪ್ಪು. ಕೆಲವು ವಿನಾಯಿತಿಗಳಿವೆ. ಯಾವುದಾದರೂ ಒಂದು ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಅದು ಅಂಥದ್ದೊಂದು. "ರೇಂಜಿನಲ್ಲಿ ಯಾರು ನೋಡ್ತಾರೆ, ನಾಲ್ಕು ಗುಂಡು ಹೊಡೀರಿ ಭಾವ" ಎಂದು ಅವರು ಪ್ರೀತಿಯಿಂದ ಹೇಳಬಹುದು. ಆ ಕಾಗದ ಇಲ್ಲದೆ ಮುಟ್ಟಬೇಡಿ. ಇಲ್ಲವಾದರೆ ಮುಂದಿನ ವೀಸಾಕ್ಕೇ ಕುತ್ತು.

ಇನ್ನು ಬ್ರ್ಯಾಂಡಿನ ವಿಷಯ.

ಕಾಪುವಿನಲ್ಲಿ ನಮ್ಮದು ಹಳೆಯ ಹೆಂಚಿನ ಮನೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ತೆಂಗಿನಕಾಯಿ ಬಿದ್ದು ನಾಲ್ಕು ಹೆಂಚು ಒಡೆದವು. ಹತ್ತಿರದಲ್ಲಿ ಕೆಡವುತ್ತಿದ್ದ ಒಂದು ಮನೆಯಿಂದ ಅಪ್ಪ ನಾಲ್ಕು ಹೆಂಚು ತಂದರು. ನಮ್ಮದೂ ಮಂಗಳೂರು ಹೆಂಚು, ಅದೂ ಮಂಗಳೂರು ಹೆಂಚು. ಅದೇ ಬಣ್ಣ, ಅದೇ ಅಳತೆ, ಅದೇ ನಮೂನೆ. ಅಡಿಯಲ್ಲಿ ಒತ್ತಿದ ಕಾರ್ಖಾನೆಯ ಹೆಸರು ಮಾತ್ರ ಬೇರೆ. ಇಟ್ಟು ನೋಡಿದರೆ ಕೂರಲಿಲ್ಲ. ಅಂಚಿನಲ್ಲಿ ಒಂದು ಬೆರಳಿನ ದಪ್ಪ ಮೇಲೆದ್ದು ನಿಂತಿತು. ಅಪ್ಪ ಕತ್ತಿಯ ಬೆನ್ನಿನಿಂದ ಅಂಚನ್ನು ಮೆಲ್ಲ ಮೆಲ್ಲ ತಟ್ಟಿ, ಕಲ್ಲಿಗೆ ಉಜ್ಜಿ, ಮಧ್ಯಾಹ್ನ ಪೂರ್ತಿ ಅದಕ್ಕೇ ಕೂತು ಮೂರನ್ನು ಕೂರಿಸಿದರು. ನಾಲ್ಕನೆಯದು ಆಟಿ ತಿಂಗಳು ಮುಗಿಯುವವರೆಗೂ ಅಟ್ಟದ ಮೇಲೆ ಸೋರಿತು.

1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಆಮೇಲೆ ನೇತ್ರಾವತಿ, ಗುರುಪುರ ಹೊಳೆಯ ದಡದುದ್ದಕ್ಕೂ ಕಾರ್ಖಾನೆಗಳು ಎದ್ದವು. ನಮೂನೆ ಒಂದೇ, ಮಾಡುವವರು ಹತ್ತಾರು. 1911ರ ಕಥೆಯೂ ಹೆಚ್ಚು ಕಮ್ಮಿ ಇದೇ. ಜಾನ್ ಬ್ರೌನಿಂಗ್ ಎಂಬ ಒಬ್ಬ ಮನುಷ್ಯ ವಿನ್ಯಾಸ ಮಾಡಿದ, ಕೋಲ್ಟ್ ಕಂಪನಿ ತಯಾರಿಸಿತು, ಅಮೆರಿಕದ ಸೇನೆ 1911ರ ಮಾರ್ಚ್ 29ರಂದು ಒಪ್ಪಿಕೊಂಡಿತು. ಅದಕ್ಕೆ ಮೊದಲು 6,000 ಗುಂಡು ಹೊಡೆಸಿ ಪರೀಕ್ಷೆ ಮಾಡಿದ್ದರು. ಕಾದಾಗ ನೀರಿಗೆ ಅದ್ದಿ ತಣಿಸಿ ಮತ್ತೆ ಹೊಡೆದರು. ಪೈಪೋಟಿಗೆ ಬಂದಿದ್ದ ಸ್ಯಾವೇಜ್ ಪಿಸ್ತೂಲು 37 ಸಲ ಕೈಕೊಟ್ಟಿತು, ಬ್ರೌನಿಂಗ್‌ನದು ಒಮ್ಮೆಯೂ ಇಲ್ಲ. 1985ರಲ್ಲಿ ಬೆರೆಟ್ಟಾ ಬರುವವರೆಗೆ ಸೇನೆಯಲ್ಲಿ ಅದೇ ನಡೆಯಿತು. ಪೇಟೆಂಟ್ ಅವಧಿ ಯಾವತ್ತೋ ಮುಗಿದಿದೆ. ಈಗ ಯಾರು ಬೇಕಾದರೂ ಮಾಡಬಹುದು, ಮಾಡುತ್ತಿದ್ದಾರೆ ಕೂಡ.

ಯುದ್ಧದ ಕಾಲದಲ್ಲಂತೂ ಯಾರ್‍ಯಾರೋ ಮಾಡಿದರು. ಎರಡನೇ ಮಹಾಯುದ್ಧದಲ್ಲಿ ಎಲ್ಲರಿಗಿಂತ ಜಾಸ್ತಿ 1911 ಮಾಡಿದ್ದು ರೆಮಿಂಗ್ಟನ್ ರ್‍ಯಾಂಡ್, ಅಂದರೆ ಟೈಪ್‌ರೈಟರ್ ಕಂಪನಿ. ರೈಲ್ವೆ ಸಿಗ್ನಲ್ ಮಾಡುವ ಇನ್ನೊಂದು ಕಂಪನಿ ಸುಮಾರು 55,000 ಮಾಡಿತು. ಅಮ್ಮನ ಹೊಲಿಗೆ ಯಂತ್ರದ ಮೇಲೆ ಹೆಸರು ನೋಡಿದ್ದೀರಲ್ಲ, ಸಿಂಗರ್? ಅವರೂ 500 ಪಿಸ್ತೂಲು ಮಾಡಿದ್ದರು. ಇವತ್ತು ಆ ಐನೂರರಲ್ಲಿ ಒಂದು ಸಿಕ್ಕಿದರೆ ಸಂಗ್ರಹಕಾರರು ಕಾರಿನ ಬೆಲೆ ಕೊಡುತ್ತಾರೆ. ಆಗ ಸೇನೆಯ ಷರತ್ತು ಬಿಗಿಯಾಗಿತ್ತು: ಟೈಪ್‌ರೈಟರಿನವರು ಮಾಡಿದ ಸ್ಲೈಡ್ (ಮೇಲೆ ಹಿಂದೆ ಮುಂದೆ ಓಡುವ ಭಾಗ) ಕೋಲ್ಟಿನ ಫ್ರೇಮಿಗೆ (ಹಿಡಿಕೆ ಇರುವ ಕೆಳಭಾಗ) ಅರ ಮುಟ್ಟಿಸದೆ ಕೂರಬೇಕು. ಅದಕ್ಕಾಗಿ ಸ್ವಲ್ಪ ಸಡಿಲವಾಗಿಯೇ ಮಾಡುತ್ತಿದ್ದರು. ಅಲುಗಾಡಿಸಿದರೆ ಗಲಗಲ ಸದ್ದು ಬರುತ್ತಿತ್ತು, ಆದರೆ ಕೆಸರಿನಲ್ಲೂ ಹೊಡೆಯುತ್ತಿತ್ತು.

ಈಗ ಆ ಷರತ್ತು ಇಲ್ಲ. ಪ್ರತಿ ಕಂಪನಿಯೂ ತನ್ನದೊಂದು ಚೂರು ಬದಲಾವಣೆ ಮಾಡಿಕೊಂಡಿದೆ. ಖಾಲಿ ತೋಟೆ ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್ ಒಬ್ಬರದ್ದು ಒಳಗಿನದು, ಇನ್ನೊಬ್ಬರದ್ದು ಹೊರಗಿನದು. ತೋಟೆಗೆ ಬಡಿದು ಗುಂಡು ಹಾರಿಸುವ ಫೈರಿಂಗ್ ಪಿನ್ ಒಬ್ಬರದ್ದು ದಪ್ಪ, ಇನ್ನೊಬ್ಬರದ್ದು ಸಣ್ಣ. ಹಾಗಾಗಿ "1911ರ ಯಾವ ಭಾಗವಾದರೂ ಯಾವುದಕ್ಕೂ ಆಗುತ್ತದೆ" ಎಂದು ಅಂಗಡಿಯವ ಹೇಳಿದರೆ ನಂಬಬೇಡಿ. ನಾನು ಟೆಕ್ಸಾಸಿನ ಒಂದು ರಿಪೇರಿ ಅಂಗಡಿಯಲ್ಲಿ 17 ವರ್ಷ ಕೂತು ಸಂಬಳ ತೆಗೆದುಕೊಂಡದ್ದೇ, ಆ ಮಾತು ನಂಬಿ ಆನ್‌ಲೈನ್‌ನಲ್ಲಿ ಭಾಗ ತರಿಸಿದವರಿಂದ. 1911ರಲ್ಲಿ ಹೆಸರಿಗಿಂತ ಕೂರಿಸುವ ಕೈ ಮುಖ್ಯ. ಬೆಲೆ ಏರುತ್ತಾ ಹೋದಂತೆ ನೀವು ದುಡ್ಡು ಕೊಡುವುದು ಉಕ್ಕಿಗಲ್ಲ, ಆ ಕೈಯ ಹೊತ್ತಿಗೆ. ವಿಲ್ಸನ್ ಕಾಂಬ್ಯಾಟ್ ಥರದವರು 3,000 ಡಾಲರಿನ ಮೇಲೆ ಕೇಳುವುದು ಅದಕ್ಕೇ. ಆ ಕಂಪನಿ ಶುರುವಾದದ್ದು ಮನೆಯವರ ಚಿನ್ನ, ವಾಚಿನ ಅಂಗಡಿಯ ಹಿಂಬದಿಯಲ್ಲಿ, ಶುರು ಮಾಡಿದವರು ವಾಚು ರಿಪೇರಿ ಕಲಿತವರು. ಅವರ ಪಿಸ್ತೂಲಿನ ಸ್ಲೈಡ್ ಎಳೆದರೆ ಹೌದು ಅನಿಸುತ್ತದೆ.

ಭಾವ ಕಳಿಸಿದ ನಾಲ್ಕು ಫೋಟೋಗಳ ಬಗ್ಗೆ ಹೇಳುತ್ತೇನೆ.

ಮೊದಲು ಹೆಸರಿನ ಗೊಂದಲ ಬಿಡಿಸಿಬಿಡೋಣ. ಮುಂಬೈಯಲ್ಲಿ, ಚೆನ್ನೈಯಲ್ಲಿ ಬೀದಿಗೊಂದು "ಉಡುಪಿ ಹೋಟೆಲ್" ಇದೆ. ಯಜಮಾನ ರಥಬೀದಿಯನ್ನು ಕಣ್ಣಲ್ಲೂ ನೋಡಿರದವನಾಗಿರಬಹುದು. ಸ್ಪ್ರಿಂಗ್‌ಫೀಲ್ಡ್ ಆರ್ಮರಿಯೂ ಹಾಗೇ. ಆ ಹೆಸರಿನ ಅಸಲಿ ಸರಕಾರಿ ಕಾರ್ಖಾನೆ ಮ್ಯಾಸಚೂಸೆಟ್ಸ್‌ನಲ್ಲಿತ್ತು, 1968ರಲ್ಲಿ ಮುಚ್ಚಿತು. ಈಗಿನದು ಇಲಿನಾಯ್ ರಾಜ್ಯದ ಖಾಸಗಿ ಕಂಪನಿ, ಹೆಸರು ಮಾತ್ರ ಹಳೆಯದು. ರಾಕ್ ಐಲ್ಯಾಂಡ್ ಆರ್ಮರಿ ಎಂದರೆ ಫಿಲಿಪ್ಪೀನ್ಸ್‌ನ ಮರಿಕಿನಾದಲ್ಲಿ ಆರ್ಮ್‌ಸ್ಕೋರ್‌ನವರು ಮಾಡುವ ಪಿಸ್ತೂಲು. ಅಮೆರಿಕದ ಸರಕಾರಿ ರಾಕ್ ಐಲ್ಯಾಂಡ್ ಆರ್ಸೆನಲ್‌ಗೂ ಇದಕ್ಕೂ ಸಂಬಂಧ ಇಲ್ಲ. ಇದರಿಂದ ಪಿಸ್ತೂಲು ಕೆಟ್ಟದ್ದು ಎಂದಲ್ಲ. ಒಳ್ಳೆಯ ಮಸಾಲೆದೋಸೆ ಮುಂಬೈಯ "ಉಡುಪಿ"ಯಲ್ಲೂ ಸಿಗುತ್ತದೆ. ಹೆಸರು ನೋಡಿ ಚರಿತ್ರೆ ಖರೀದಿಸಿದೆ ಎಂದುಕೊಳ್ಳಬೇಡಿ, ಅಷ್ಟೇ.

ರಾಕ್ ಐಲ್ಯಾಂಡ್ 500 ಡಾಲರ್ ಆಸುಪಾಸಿನಲ್ಲಿ ಸಿಗುತ್ತದೆ. ಫ್ರೇಮ್ ಎರಕದ್ದು. ಒಳಗೆ ಮಿಷನ್ನಿನ ಗೆರೆಗಳು ಕಾಣುತ್ತವೆ, ಬಣ್ಣ ಮಂದ. ಆದರೆ ಹೊಡೆಯುತ್ತದೆ. ಬಿಚ್ಚಿ ಜೋಡಿಸಿ ಕಲಿಯಲು, ಅರ ಹಿಡಿದು ಪ್ರಯೋಗ ಮಾಡಿ ಹಾಳು ಮಾಡಿದರೂ ಹೊಟ್ಟೆ ಉರಿಯದಿರಲು ಇದಕ್ಕಿಂತ ಒಳ್ಳೆಯದಿಲ್ಲ. ಇದೇ ಬೆಲೆಗೆ ಟರ್ಕಿಯ ಟಿಸಾಸ್ ಕೂಡ ಇದೆ, ಅದರ ಫ್ರೇಮ್ ಕಾಯಿಸಿ ಬಡಿದದ್ದು. ಬಜೆಟ್ ಐನೂರೇ ಆಗಿದ್ದರೆ ನಾನು ಟಿಸಾಸ್ ಕಡೆ ಕೈ ತೋರಿಸುತ್ತಿದ್ದೆ.

ಕಿಂಬರ್ ನೋಡಲು ಚಂದ, ನಾಲ್ಕರಲ್ಲಿ ಎಲ್ಲಕ್ಕಿಂತ ಚಂದ. ಬಿಗಿಯಾಗಿ ಕೂರಿಸುತ್ತಾರೆ, ಹಾಗಾಗಿ ಮೊದಲ 400–500 ಗುಂಡು ಹೊಡೆದು ಪಳಗಿಸಬೇಕು. .45ರ ಒಂದು ಗುಂಡಿಗೆ ಅರ್ಧ ಡಾಲರ್ ಆಸುಪಾಸು ಎಂದು ಲೆಕ್ಕ ಹಾಕಿ, ಪಳಗಿಸುವ ಖರ್ಚೇ 200 ಡಾಲರ್ ದಾಟುತ್ತದೆ. ಅದರ ಎರಡನೇ ಸರಣಿಯಲ್ಲಿ ಫೈರಿಂಗ್ ಪಿನ್ ತಡೆ ಹಿಡಿಕೆಯ ಸೇಫ್ಟಿಗೆ ಜೋಡಿಸಿದೆ. ಹಿಡಿಕೆಯನ್ನು ಒತ್ತಿ ಹಿಡಿದುಕೊಂಡು ಸ್ಲೈಡ್ ಕೂರಿಸಲು ಹೋದರೆ ಒಳಗೆ ಪೆಟ್ಟು ಬೀಳುತ್ತದೆ. ಗೊತ್ತಿರುವವರಿಗೆ ಕಷ್ಟವಲ್ಲ. ಮೊದಲ 1911ಕ್ಕೆ ಸುಮ್ನೆ ಯಾಕೆ ಎಂದು ನನ್ನ ಅಭಿಪ್ರಾಯ.

ಉಳಿದದ್ದು ಕೋಲ್ಟ್ ಮತ್ತು ಸ್ಪ್ರಿಂಗ್‌ಫೀಲ್ಡ್. ನಿಮ್ಮ ಭಾವನ ನಿಜವಾದ ಆಯ್ಕೆ ಈ ಎರಡರ ನಡುವೆ ಮಾತ್ರ.

ಕೋಲ್ಟಿನ ಬೆಲೆಯಲ್ಲಿ ಒಂದು ಪಾಲು ಸ್ಲೈಡಿನ ಮೇಲಿರುವ ಆ ಕುದುರೆ ಮುದ್ರೆಗೆ. ಅದನ್ನು ತಮಾಷೆಗೆ ಹೇಳುತ್ತಿಲ್ಲ. ಹತ್ತು ವರ್ಷ ಬಿಟ್ಟು ಮಾರಿದರೆ ಆ ಪಾಲು ವಾಪಸು ಬರುತ್ತದೆ, ಬೇರೆಯವುಗಳಲ್ಲಿ ಬರುವುದಿಲ್ಲ. ಕಂಪನಿ 2015ರಲ್ಲಿ ದಿವಾಳಿ ಅರ್ಜಿ ಹಾಕಿತ್ತು, 2021ರಲ್ಲಿ ಜೆಕ್ ದೇಶದ ಸಿಝಡ್ ಗುಂಪು ಕೊಂಡುಕೊಂಡಿತು. ಈಗ ಮಾಡುತ್ತಿರುವ ಪಿಸ್ತೂಲುಗಳ ಮೇಲೆ ನನಗೆ ತಕರಾರಿಲ್ಲ. ಅಂಗಡಿಯಲ್ಲಿ "ಸೀರೀಸ್ 70", "ಸೀರೀಸ್ 80" ಎಂದು ಗಲಿಬಿಲಿ ಮಾಡುತ್ತಾರೆ. 80 ಬಂದದ್ದು 1983ರಲ್ಲಿ. ಅದರಲ್ಲಿ ಫೈರಿಂಗ್ ಪಿನ್ನಿಗೆ ಒಂದು ತಡೆ ಇದೆ. ಟ್ರಿಗರ್ ಪೂರ್ತಿ ಎಳೆಯದೆ ಪಿನ್ ಮುಂದೆ ಹೋಗುವುದಿಲ್ಲ, ಕೈತಪ್ಪಿ ಬಿದ್ದರೂ ಗುಂಡು ಹಾರದಿರಲಿ ಎಂದು. 70ರಲ್ಲಿ ಆ ತಡೆ ಇಲ್ಲ, ಟ್ರಿಗರ್ ಒಂದು ಕೂದಲಿನಷ್ಟು ನಯ. ಆ ಕೂದಲಿನಷ್ಟು ವ್ಯತ್ಯಾಸ ಭಾನುವಾರದ ಶೂಟರ್‌ಗೆ ಗೊತ್ತಾಗುವುದಿಲ್ಲ. ಗೊತ್ತಾಗುತ್ತದೆ ಎಂದು ಹೇಳಿಕೊಳ್ಳುವವರಿಗೂ ಗೊತ್ತಾಗುವುದಿಲ್ಲ.

ಸ್ಪ್ರಿಂಗ್‌ಫೀಲ್ಡಿನ ಫ್ರೇಮ್, ಸ್ಲೈಡ್ ಬಹಳ ಕಾಲದಿಂದ ಬ್ರೆಜಿಲ್‌ನ ಇಂಬೆಲ್ ಎಂಬ ಕಂಪನಿಯಲ್ಲಿ ಕಾಯಿಸಿ ಬಡಿದು ಬರುತ್ತಿದ್ದದ್ದು. ಒಳ್ಳೆಯ ಗಟ್ಟಿ ಉಕ್ಕು. ಅರ ಹಾಕುವಾಗ ಕೈಗೆ ಗೊತ್ತಾಗುತ್ತದೆ. ಫೈರಿಂಗ್ ಪಿನ್ ಸಣ್ಣದು, ಟೈಟೇನಿಯಂದು. ಹಗುರ ಇರುವುದರಿಂದ ಬಿದ್ದಾಗಲೂ ತೋಟೆಗೆ ಬಡಿಯುವಷ್ಟು ಜೋರಾಗಿ ಮುಂದೆ ಚಿಮ್ಮುವುದಿಲ್ಲ. ತಡೆಯ ಭಾಗಗಳೇ ಇಲ್ಲದೆ ಅದೇ ಕೆಲಸ, ನನಗೆ ಈ ದಾರಿ ಇಷ್ಟ. ಸಾದಾ ಮಿಲ್-ಸ್ಪೆಕ್ ಮಾದರಿ ಎಂಟುನೂರು ಡಾಲರಿನ ಆಸುಪಾಸು. ಬಜೆಟ್ ಸಾವಿರವಾದರೆ ಇದನ್ನೇ ತಗೊಳ್ಳಿ ಎಂದು ಹೇಳುತ್ತೇನೆ. ಕೋಲ್ಟ್ ತೆಗೆದುಕೊಂಡರೆ ಸಾವಿರವೂ ಕೌಂಟರಿನಲ್ಲೇ ಖಾಲಿಯಾಗುತ್ತದೆ. ಆಮೇಲೆ ತೋಟೆ ತುಂಬುವ ಮ್ಯಾಗಝಿನ್ ಎಲ್ಲಿಂದ?

ಮ್ಯಾಗಝಿನ್ ಎಂದಾಗ ಒಂದು ಕಥೆ ಹೇಳಲೇಬೇಕು. ನಿವೃತ್ತ ಶಾಲಾ ಮಾಸ್ತರರೊಬ್ಬರು ಒಮ್ಮೆ ನನ್ನ ಮೇಜಿಗೆ ಬಂದರು. ಮೂರನೇ ಗುಂಡಿಗೋ ನಾಲ್ಕನೆಯದಕ್ಕೋ ತೋಟೆ ಮೂತಿ ಎತ್ತಿಕೊಂಡು ಸಿಕ್ಕಿಬೀಳುತ್ತದೆ ಎಂದು ದೂರು. ಅದು ಅವರ ಮೂರನೇ 1911. ಮೊದಲಿನ ಎರಡನ್ನು ಇದೇ ಕಾರಣಕ್ಕೆ ನಷ್ಟಕ್ಕೆ ಮಾರಿದ್ದರು, ಎರಡೂ ಬೇರೆ ಬೇರೆ ಕಂಪನಿಯವು. ಬಿಚ್ಚಿ ನೋಡಿದೆ. ಎಕ್ಸ್‌ಟ್ರಾಕ್ಟರ್ ಸರಿ ಇದೆ, ಸ್ಪ್ರಿಂಗ್ ಹೊಸದು, ತೋಟೆ ಏರುವ ಇಳಿಜಾರು ನಯವಾಗಿದೆ. ಮ್ಯಾಗಝಿನ್ ಕೈಯಲ್ಲಿ ಹಿಡಿದು ಬೆಳಕಿಗೆ ಓರೆ ಮಾಡಿದೆ. ತೋಟೆ ಹಿಡಿಯುವ ತುಟಿಯ ಒಂದು ಬದಿ ಅಗಲಿಕೊಂಡಿತ್ತು, ಉಗುರು ಸಿಗುವಷ್ಟು. "ಇದು ಎಲ್ಲಿಯದ್ದು?" ಎಂದು ಕೇಳಿದೆ. ಯಾವುದೋ ಸಂತೆಯಲ್ಲಿ ಹತ್ತು ಡಾಲರಿಗೆ ಐದು ಎಂದು ತಂದಿದ್ದರಂತೆ. ಮೂರು ಪಿಸ್ತೂಲು ಬದಲಾದವು, ಆ ಐದು ಮ್ಯಾಗಝಿನ್ ಬದಲಾಗಲಿಲ್ಲ. ನನ್ನ ಡ್ರಾಯರಿನಿಂದ ಒಳ್ಳೆಯದೊಂದು ಕೊಟ್ಟೆ. ಹಿಂಬದಿಯ ರೇಂಜಿಗೆ ಹೋಗಿ ಐವತ್ತು ಹೊಡೆದು ಬಂದು ಏನೂ ಮಾತಾಡದೆ ಕುರ್ಚಿಯಲ್ಲಿ ಕೂತರು.

ಹಾಗಾಗಿ ಮೆಕ್-ಗಾರ್ ಅಥವಾ ವಿಲ್ಸನ್‌ನವರ ಮ್ಯಾಗಝಿನ್ ಮೂರು ತೆಗೆದುಕೊಳ್ಳಲಿ, ಒಂದೊಂದಕ್ಕೂ ಮಾರ್ಕರಿನಲ್ಲಿ 1, 2, 3 ಎಂದು ನಂಬರ್ ಬರೆದಿಡಲಿ. ತೊಂದರೆ ಬಂದಾಗ ಯಾವ ನಂಬರಿನದ್ದು ಎಂದು ನೋಡಿದರೆ ಅರ್ಧ ರಿಪೇರಿ ಮುಗಿದ ಹಾಗೆ.

ಎರಡನೇ ಸಂಶಯ ಯಾವಾಗಲೂ ಎಕ್ಸ್‌ಟ್ರಾಕ್ಟರ್ ಮೇಲೆ. ಹೊಡೆದ ಖಾಲಿ ತೋಟೆಯನ್ನು ಕೊಕ್ಕೆ ಹಾಕಿ ಹೊರಗೆಳೆಯುವ ಉದ್ದನೆಯ ಪಟ್ಟಿ ಅದು. ಬ್ರೌನಿಂಗ್ ಅದಕ್ಕೆ ಬೇರೆ ಸ್ಪ್ರಿಂಗ್ ಇಡಲಿಲ್ಲ, ಆ ಉಕ್ಕಿನ ಪಟ್ಟಿಯೇ ಸ್ಪ್ರಿಂಗ್. ಎಷ್ಟು ಬಾಗಿರಬೇಕು ಎಂಬುದು ಕೂರಿಸಿದವನ ಕೈಗುಣ. ಸ್ಲೈಡನ್ನು ಬಿಚ್ಚಿ ತೆಗೆದು, ಮದ್ದಿಲ್ಲದ ಡಮ್ಮಿ ತೋಟೆಯೊಂದನ್ನು ಕೊಕ್ಕೆಯ ಕೆಳಗೆ ತೂರಿಸಿ ಸ್ಲೈಡನ್ನು ಮೆಲ್ಲ ಅಲುಗಾಡಿಸಬೇಕು. ತೋಟೆ ಅಲ್ಲೇ ನಿಂತರೆ ಸರಿ. ಜಾರಿ ಬಿದ್ದರೆ ಹಿಡಿತ ಸಡಿಲ. ತೂರಿಸಲಿಕ್ಕೇ ಹೆಬ್ಬೆರಳು ನೋವಾಗುವಷ್ಟು ಒತ್ತಬೇಕಾದರೆ ಜಾಸ್ತಿ ಬಿಗಿ. ಸರಿ ಮಾಡಲು ಗೊತ್ತಿರುವವರಿಗೆ ಇಪ್ಪತ್ತು ನಿಮಿಷದ ಕೆಲಸ. ಭಾವನೇ ಇಕ್ಕಳ ಹಿಡಿಯುವುದು ಬೇಡ.

ಅಳತೆಯ ಬಗ್ಗೆ ಒಂದು ಮಾತು. ಐದು ಇಂಚಿನ ಬ್ಯಾರೆಲ್, ಮ್ಯಾಗಝಿನ್ನಿನಲ್ಲಿ ಏಳು ತೋಟೆ, ಖಾಲಿ ಇದ್ದಾಗ ಸುಮಾರು 1.1 ಕಿಲೋ. ಇದೇ ಬ್ರೌನಿಂಗ್ ಲೆಕ್ಕ ಹಾಕಿದ ಅಳತೆ. ಮೂರು ಇಂಚಿನ ಪುಟ್ಟ 1911 ಮುದ್ದಾಗಿ ಕಾಣುತ್ತದೆ. ಆದರೆ ಸ್ಲೈಡಿನ ಓಟ ಗಿಡ್ಡವಾದಷ್ಟೂ ತೋಟೆ ಏರಲು ಸಿಗುವ ಹೊತ್ತು ಕಮ್ಮಿ. ರೇಂಜಿಗೆ ಒಯ್ಯಲು ಅದು ಬೇಡವೇ ಬೇಡ. 9 ಎಂಎಂ ಮಾದರಿಯೂ ಸಿಗುತ್ತದೆ, ಗುಂಡಿನ ಖರ್ಚು ಅರ್ಧದ ಹತ್ತಿರ ಇಳಿಯುತ್ತದೆ, ಒದೆತವೂ ಕಮ್ಮಿ. ವಾರ ವಾರ ಇನ್ನೂರು ಗುಂಡು ಹೊಡೆಯುವವರಾದರೆ ಯೋಚಿಸಬಹುದು. ನನಗೆ ಮಾತ್ರ 1911 ಎಂದರೆ .45ರದ್ದೇ. ಇದರಲ್ಲಿ ತರ್ಕ ಕಮ್ಮಿ, ಅಭ್ಯಾಸ ಜಾಸ್ತಿ.

ಹ್ಯೂಸ್ಟನ್ ಎಂದರೆ ಹವೆಯಲ್ಲಿ ನಮ್ಮ ಮಲ್ಪೆಯ ಅಣ್ಣ. ಸೆಕೆ, ಬೆವರು, ಕೊಲ್ಲಿಯ ತೇವದ ಗಾಳಿ. ಹೊಳೆಯುವ ನೀಲಿ ಬಣ್ಣದ ಪಿಸ್ತೂಲು ಅಲ್ಲಿ ಒಂದೇ ಬೇಸಿಗೆಯಲ್ಲಿ ಬೆರಳಚ್ಚಿನ ಆಕಾರದಲ್ಲಿ ತುಕ್ಕು ಹಿಡಿದದ್ದನ್ನು ಕಂಡಿದ್ದೇನೆ. ಸ್ಟೇನ್‌ಲೆಸ್ ಸಿಕ್ಕರೆ ಒಳ್ಳೆಯದು. ಇಲ್ಲವಾದರೆ ಪಾರ್ಕರೈಸ್ ಮಾಡಿದ ಮಂದ ಬೂದು ಬಣ್ಣದ್ದು. ಅದು ಪಳಗಿದ ದೋಸೆ ಕಾವಲಿಯ ಹಾಗೆ ಎಣ್ಣೆ ಹಿಡಿದುಕೊಳ್ಳುತ್ತದೆ. ಚರ್ಮದ ಚೀಲದಲ್ಲಿ ತುಂಬಿಸಿ ಇಡಬಾರದು, ಚರ್ಮ ತೇವ ಕುಡಿಯುತ್ತದೆ.

ಹಳೆಯದು, ಸೆಕೆಂಡ್ ಹ್ಯಾಂಡ್ ಸಿಕ್ಕರೆ ಬಿಡಬೇಕೆಂದಿಲ್ಲ. ಎಡಬದಿಯಲ್ಲಿ ಸ್ಲೈಡ್ ಸ್ಟಾಪ್ (ಸ್ಲೈಡನ್ನು ತಡೆದು ನಿಲ್ಲಿಸುವ ಸಣ್ಣ ಹಿಡಿ) ಕೆಳಗೆ ಫ್ರೇಮಿನ ಮೇಲೆ ಬಿಲ್ಲಿನ ಆಕಾರದ ಗೀರು ಇದೆಯೇ ನೋಡಲಿ. ಜೋಡಿಸುವಾಗ ಅವಸರ ಮಾಡಿದವರು ಹಾಕುವ ಗೀರು ಅದು, ನಮ್ಮ ಅಂಗಡಿಯಲ್ಲಿ ಅದಕ್ಕೆ "ಪೆದ್ದನ ಗೆರೆ" ಎನ್ನುತ್ತಿದ್ದರು. ಗೀರಿನಿಂದ ಪಿಸ್ತೂಲಿಗೆ ಏನೂ ಆಗುವುದಿಲ್ಲ, ಆದರೆ ಚೌಕಾಸಿಗೆ ಐವತ್ತು ಡಾಲರಿನ ದಾರಿ. ಆಮೇಲೆ ಅಂಗಡಿಯವನ ಒಪ್ಪಿಗೆ ಕೇಳಿ, ಖಾಲಿ ಇದೆಯೆಂದು ಇಬ್ಬರೂ ಕಣ್ಣಿಟ್ಟು ನೋಡಿ, ಹ್ಯಾಮರ್ (ಪಿನ್ನಿಗೆ ಬಡಿಯುವ ಹಿಂಬದಿಯ ಸುತ್ತಿಗೆ) ಹಿಂದೆಳೆದು ಸೇಫ್ಟಿ ಹಾಕಿ ಟ್ರಿಗರ್ ಎಳೆದು ಬಿಡಲಿ. ಈಗ ಟ್ರಿಗರ್ ಮುಟ್ಟದೆ ಸೇಫ್ಟಿ ತೆಗೆಯಲಿ. ಹ್ಯಾಮರ್ ಕದಲಬಾರದು. ತಾನಾಗಿ ಬಿದ್ದರೆ ಎಷ್ಟೇ ಅಗ್ಗವಾದರೂ ವಾಪಸು ಕೊಟ್ಟು ಬರಲಿ.

ತಂಗಿಯ ಮನೆಯಲ್ಲಿ ಮಕ್ಕಳಿದ್ದರೆ, ಇದೇ ಸಾವಿರದೊಳಗೆ ಬೀಗವಿರುವ ಒಂದು ಚಿಕ್ಕ ಉಕ್ಕಿನ ಪೆಟ್ಟಿಗೆಗೂ ಜಾಗ ಇರಲಿ. ಮಕ್ಕಳ ಕೈಗೆ ಸಿಗುವ ಹಾಗೆ ಬಿಟ್ಟರೆ ಟೆಕ್ಸಾಸಿನಲ್ಲೂ ಅಪರಾಧವೇ. ಜಾಗ ಸಾಲದಿದ್ದರೆ ಮೂರನೇ ಮ್ಯಾಗಝಿನ್ ಮುಂದಿನ ತಿಂಗಳು ತಗೊಳ್ಳಲಿ.

ಕೊಂಡ ಮೇಲೆ ಮೊದಲ ಎರಡು ಭಾನುವಾರ ಸಾದಾ 230 ಗ್ರೇನಿನ (ಗ್ರೇನ್ ಎಂದರೆ ಗುಂಡಿನ ತೂಕದ ಅಳತೆ) ಗುಂಡು ಇನ್ನೂರು ಹೊಡೆಯಲಿ, ಮೂರೂ ಮ್ಯಾಗಝಿನ್ ಬದಲಿಸಿ ಬದಲಿಸಿ. ಎಲ್ಲಾದರೂ ಸಿಕ್ಕಿಬಿದ್ದರೆ ನಳಿಗೆ ಗುರಿಯ ಕಡೆಗೇ ಇರಲಿ, ಬೆರಳು ಟ್ರಿಗರಿನಿಂದ ಹೊರಗಿರಲಿ, ಪಕ್ಕದವರಿಂದ ಒಂದು ಫೋಟೋ ತೆಗೆಸಿ ಆಮೇಲೆ ಬಿಡಿಸಲಿ. ಫೋಟೋ ನಿಮಗೆ ಬರುತ್ತದೆ ಹೇಗೂ. ಮ್ಯಾಗಝಿನ್ ನಂಬರ್ ಸಮೇತ ನನಗೆ ಕಳಿಸಿ, ನೋಡಿ ಹೇಳುತ್ತೇನೆ.